ಹ್ಯಾರಿ ಪಾಟರ್ ಮುಗೀತು, ಮುಂದೇನು? ಓದಿ, ಓದಿಸಿ ನೋಡಿದ ಎಂಟು ಪುಸ್ತಕಗಳು

ಮಕ್ಕಳು ಹ್ಯಾರಿ ಪಾಟರ್‌ನ ಏಳೂ ಪುಸ್ತಕ ಮುಗಿಸಿದ ಮೇಲೆ ಮನೆಯಲ್ಲಿ ಹೊಸ ತಾಪತ್ರಯ ಶುರುವಾಗುತ್ತದೆ. ಮುಂದೇನು ಓದೋದು? ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನೂರು ಪುಸ್ತಕಗಳ ಪಟ್ಟಿ ಸಿಗುತ್ತದೆ. ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್. ಎಲ್ಲವೂ ತಪ್ಪದೇ ಓದಬೇಕಾದ್ದೇ. ಹನ್ನೆರಡು ವರ್ಷದ ಹುಡುಗನಿಗೆ ಯಾವುದು, ಹದಿನೈದರ ಹುಡುಗಿಗೆ ಯಾವುದು, ಎರಡನೇ ಸಲ ಓದಿದರೂ ರುಚಿ ಕೆಡದೆ ಇರುವುದು ಯಾವುದು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನಾನು ಈ ಬಗೆಯ ಪುಸ್ತಕಗಳನ್ನು ನನಗೋಸ್ಕರವೇ ಓದುತ್ತೇನೆ. ವಯಸ್ಸು ನಲವತ್ತು ದಾಟಿದೆ, ನಾಚಿಕೆ ಏನಿಲ್ಲ. ಓದಿ ಆದ ಮೇಲೆ ಅಕ್ಕನ ಮಗಳ ಕೈಗೆ ಹೋಗುತ್ತದೆ. ಅವಳು ಈಗ ಒಂಬತ್ತನೇ ಕ್ಲಾಸು. ಅವಳಿಂದ ಎದುರು ಮನೆಯ ಏಳನೇ ಕ್ಲಾಸಿನ ಹುಡುಗನಿಗೆ. ಪುಸ್ತಕ ವಾಪಸ್ ಬಂದಾಗ ಅದರ ಅವಸ್ಥೆ ನೋಡಿದರೆ ಅಭಿಪ್ರಾಯ ಕೇಳುವ ಅಗತ್ಯವೇ ಇರುವುದಿಲ್ಲ. ಸಾರಿನ ಕಲೆ ಬಿದ್ದಿದ್ದರೆ ಊಟದ ತಟ್ಟೆ ಮುಂದೆಯೂ ಓದಿದ್ದಾರೆ ಅಂತ ಲೆಕ್ಕ. ಬಸ್ ಟಿಕೆಟ್ಟು ಮೂವತ್ತನೇ ಪುಟದಲ್ಲೇ ಸಿಕ್ಕಿಕೊಂಡಿದ್ದರೆ ಅದೂ ಗೊತ್ತಾಯಿತು.

ಹೋಲಿಸಲಿಕ್ಕೆ ನನ್ನ ಅಳತೆಗೋಲು ಒಂದೇ. ಕಥೆಯಲ್ಲಿ ಮಾಟ ಇರಬಹುದು, ಯಂತ್ರ ಇರಬಹುದು. ಅದರ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ? ಮಾಂತ್ರಿಕ ಕೈ ಆಡಿಸಿದ, ಬೆಂಕಿ ಬಂತು. ಸರಿ, ಅದಕ್ಕೆ ಯಾರೋ ಏನೋ ತೆತ್ತಿರಬೇಕಲ್ವಾ? ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡ ಪುಸ್ತಕಗಳನ್ನು ಮಕ್ಕಳು ಮುಗಿಸಿದ ಮೇಲೂ ಬಿಡುವುದಿಲ್ಲ, ಅದರ ಬಗ್ಗೆ ಜಗಳ ಆಡುತ್ತಾರೆ. ಉತ್ತರ ಇಲ್ಲದ ಪುಸ್ತಕ ಶನಿವಾರ ಭಾನುವಾರಕ್ಕೆ ಮಜಾ, ಸೋಮವಾರ ಮರೆತಿರುತ್ತಾರೆ. ಮಜಾ ಬೇಡ ಅಂತಲ್ಲ. ಎರಡೂ ಬೇಕು. ಯಾವುದು ಯಾವುದು ಅಂತ ಗೊತ್ತಿದ್ದರೆ ಒಳ್ಳೆಯದು ಅಷ್ಟೇ. ಮುಂದೆ ಅಲ್ಲಲ್ಲಿ ಕಥೆಯ ಗುಟ್ಟು ಸ್ವಲ್ಪ ಬಿಟ್ಟುಕೊಡುತ್ತೇನೆ, ಕೊನೆ ಹೇಳುವುದಿಲ್ಲ.

ನಗಿಸುತ್ತಾ ಓಡಿಸುವ ಮೂರು

ಎಲ್ಲರೂ ಮೊದಲು ಹೇಳುವುದು ಪರ್ಸಿ ಜಾಕ್ಸನ್. ಸರಣಿಯ ಮೊದಲ ಪುಸ್ತಕ 'ದಿ ಲೈಟ್ನಿಂಗ್ ಥೀಫ್' ಬಂದದ್ದು 2005ರಲ್ಲಿ. ಬರೆದ ರಿಕ್ ರಿಯೊರ್ಡನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಅವರ ಮಗನಿಗೆ ಡಿಸ್ಲೆಕ್ಸಿಯಾ, ಎಡಿಎಚ್‌ಡಿ ಎರಡೂ ಇತ್ತು. ರಾತ್ರಿ ಮಲಗುವಾಗ ಅವನಿಗೆ ಗ್ರೀಕ್ ಪುರಾಣದ ಕಥೆ ಹೇಳುತ್ತಿದ್ದರು. ಗೊತ್ತಿದ್ದ ಕಥೆಗಳೆಲ್ಲ ಮುಗಿದಾಗ ಹೊಸದೊಂದು ಕಟ್ಟಿದರು. ಅದೇ ಪುಸ್ತಕವಾಯಿತು. ಕಥೆಯ ಪರ್ಸಿಗೂ ಅದೇ ತೊಂದರೆ: ಅಕ್ಷರಗಳು ಕಣ್ಣೆದುರು ಈಜುತ್ತವೆ, ಕ್ಲಾಸಿನಲ್ಲಿ ಒಂದು ಕಡೆ ಕೂರಲು ಆಗುವುದಿಲ್ಲ. ಆಮೇಲೆ ಗೊತ್ತಾಗುತ್ತದೆ, ಅವನು ಗ್ರೀಕ್ ದೇವರೊಬ್ಬನ ಮಗ, ಅವನ ಮೆದುಳು ತಯಾರಾಗಿರುವುದು ಹಳೆಯ ಗ್ರೀಕ್ ಓದಲಿಕ್ಕೆ, ಆ ಚಡಪಡಿಕೆ ಇರುವುದು ಯುದ್ಧದಲ್ಲಿ ಬದುಕಿ ಉಳಿಯಲಿಕ್ಕೆ. ಎದುರು ಮನೆ ಹುಡುಗನಿಗೆ ಓದುವುದೆಂದರೆ ಮೈ ಉರಿ. ಅವನು ಇದನ್ನು ಎರಡೇ ದಿನಕ್ಕೆ ಮುಗಿಸಿ ಎರಡನೆಯದು ಕೇಳಿದ.

ಮಜಾ ಇದೆ. ಗ್ರೀಕ್ ದೇವರುಗಳು ಇರುವ ಒಲಿಂಪಸ್ ಪರ್ವತ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗಿನ 600ನೇ ಮಹಡಿಯಲ್ಲಿದೆ. ತನ್ನ ಕಣ್ಣು ನೋಡಿದವರನ್ನು ಕಲ್ಲು ಮಾಡುವ ಮೆಡೂಸಾ ರಸ್ತೆ ಬದಿಯಲ್ಲಿ ಕಲ್ಲಿನ ಗೊಂಬೆಗಳ ಅಂಗಡಿ ಇಟ್ಟುಕೊಂಡಿದ್ದಾಳೆ. ಗೊಂಬೆಗಳ ಮುಖದಲ್ಲಿ ಯಾಕೆ ಅಷ್ಟು ಗಾಬರಿ ಅಂತ ಹುಡುಗರಿಗಿಂತ ಮೊದಲು ಓದುವವನಿಗೆ ಹೊಳೆಯುತ್ತದೆ, ಅದೇ ಖುಷಿ. ಆದರೆ ನನ್ನ ಅಳತೆಗೋಲು ಇಟ್ಟರೆ ಈ ಪುಸ್ತಕ ಸ್ವಲ್ಪ ಹಗುರ. ರಾಕ್ಷಸನಿಗೆ ಕತ್ತಿ ತಾಗಿದರೆ ಪುಡಿಯಾಗಿ ಹೋಗುತ್ತಾನೆ, ಮುಂದಿನ ಅಧ್ಯಾಯದಲ್ಲಿ ಇನ್ನೊಬ್ಬ ಬರುತ್ತಾನೆ. ಯಾರಿಗೂ ಹೆಚ್ಚು ನಷ್ಟವಾಗುವುದಿಲ್ಲ.

ಇದಕ್ಕೆ ನೇರ ಪೈಪೋಟಿ 'ಅರು ಶಾ ಅಂಡ್ ದಿ ಎಂಡ್ ಆಫ್ ಟೈಮ್', 2018ರದ್ದು. ರಿಯೊರ್ಡನ್ ಹೆಸರಿನಲ್ಲೇ ಶುರುವಾದ ಪ್ರಕಟಣಾ ವಿಭಾಗದಿಂದ ಬಂದ ಮೊದಲ ಪುಸ್ತಕ, ಬರೆದವರು ರೋಷನಿ ಚೋಕ್ಷಿ. ಅಟ್ಲಾಂಟಾದ ಒಂದು ಮ್ಯೂಸಿಯಮ್ಮಿನಲ್ಲಿ ಅಮ್ಮನ ಜೊತೆ ಇರುವ ಹನ್ನೆರಡರ ಹುಡುಗಿ, ಸಹಪಾಠಿಗಳು ಸವಾಲು ಹಾಕಿದರು ಅಂತ ಹಚ್ಚಬಾರದ ದೀಪ ಹಚ್ಚುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಅವಳು ಪಾಂಡವರಲ್ಲಿ ಒಬ್ಬರ ಮರುಹುಟ್ಟು. ಲೋಕ ಉಳಿಸಲು ಸ್ಪೈಡರ್‌ಮ್ಯಾನ್ ಪೈಜಾಮದಲ್ಲೇ ಹೊರಡುತ್ತಾಳೆ. ಗುರುವಾಗಿ ಸಿಗುವುದು ಒಂದು ಸಿಡುಕು ಪಾರಿವಾಳ.

ಇದು ನಮ್ಮ ಮಕ್ಕಳಿಗೆ ಹೇಳಿ ಮಾಡಿಸಿದ ಪುಸ್ತಕ ಅಂತ ಅನ್ನಿಸಬಹುದು. ನನ್ನ ಅನುಭವ ಬೇರೆ. ನ್ಯೂಜೆರ್ಸಿಯಲ್ಲಿ ಬೆಳೆಯುತ್ತಿರುವ ನಮ್ಮ ಚಿಕ್ಕಪ್ಪನ ಮೊಮ್ಮಗಳಿಗೆ ಇದು ಪಂಚಪ್ರಾಣ. ತನ್ನಂಥ ಹೆಸರಿನ ಹುಡುಗಿ ಪುಸ್ತಕದ ಮುಖಪುಟದ ಮೇಲೆ ಇರುವುದೇ ಅವಳಿಗೆ ದೊಡ್ಡದು. ಇಲ್ಲಿಯ ಹುಡುಗರಿಗೆ ಅರ್ಜುನ ಯಾರು, ಇಂದ್ರ ಯಾರು ಅಂತ ಪಕ್ಕದಲ್ಲಿ ನಿಂತು ವಿವರಿಸುವ ಜಾಗಗಳು ಬೇಜಾರು ತರಿಸುತ್ತವೆ. "ಇದೆಲ್ಲ ಗೊತ್ತು, ಮುಂದೆ ಹೋಗಿ" ಅಂದ ಏಳನೇ ಕ್ಲಾಸಿನವನು. ಅಜ್ಜಿ ಹತ್ತಿರ ಮಹಾಭಾರತ ಕೇಳಿ ಬೆಳೆದವರಿಗೆ ಪರ್ಸಿಯೇ ಹೊಸದು, ಗ್ರೀಕ್ ಕಥೆ ಕೇಳಿ ಬೆಳೆದವರಿಗೆ ಅರು ಹೊಸದು. ಹೊರಗೆ ಬೆಳೆಯುತ್ತಿರುವ ಮಕ್ಕಳಿಗೆ ಕಳಿಸುವುದಾದರೆ ಮಾತ್ರ ಕಣ್ಣು ಮುಚ್ಚಿ ಅರುವನ್ನು ಕಳಿಸಿ.

ಈ ಎರಡರ ಪಕ್ಕ ನಾನು ಇಡುವುದು, ಇಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಮೂರನೆಯದು: ಜೊನಾಥನ್ ಸ್ಟ್ರೌಡ್ ಬರೆದ 'ದಿ ಅಮ್ಯುಲೆಟ್ ಆಫ್ ಸಮರ್ಕಂದ್' (2003). ನನ್ನ ಓಟು ಇದಕ್ಕೇ.

ಇದರ ಲಂಡನ್ನಿನಲ್ಲಿ ಮಂತ್ರವಾದಿಗಳೇ ಸರ್ಕಾರ. ಮಂತ್ರಿಗಳೆಲ್ಲ ನಿಜಕ್ಕೂ ಮಂತ್ರ ಗೊತ್ತಿದ್ದವರು. ಆದರೆ ಅವರ ಕೈಯಲ್ಲಿ ಸ್ವಂತ ಶಕ್ತಿ ಒಂದು ಚೂರೂ ಇಲ್ಲ. ಜಿನ್ನಿಗಳನ್ನು ಬೇರೆ ಲೋಕದಿಂದ ಎಳೆದು ತಂದು, ಮಂಡಲದೊಳಗೆ ಕಟ್ಟಿಹಾಕಿ, ಚಿತ್ರಹಿಂಸೆಯ ಬೆದರಿಕೆ ಹಾಕಿ ಕೆಲಸ ಮಾಡಿಸುತ್ತಾರೆ. ಭೂಮಿಯ ಮೇಲೆ ಇದ್ದಷ್ಟು ಹೊತ್ತೂ ಜಿನ್ನಿಗಳಿಗೆ ನೋವು. ಅಂದರೆ ಮಾಂತ್ರಿಕನ ಒಂದೊಂದು ಪವಾಡದ ಹಿಂದೆಯೂ ಒಬ್ಬ ಜೀತದಾಳು ಇದ್ದಾನೆ. ಹ್ಯಾರಿ ಪಾಟರ್‌ನಲ್ಲಿ ಅಡುಗೆಮನೆಯ ಎಲ್ಫ್‌ಗಳನ್ನು ನೋಡಿ ಒಂದು ಥರಾ ಅನಿಸಿದ್ದ ಮಕ್ಕಳಿಗೆ ಇಲ್ಲಿ ಅದೇ ಇಡೀ ಕಥೆ.

ಹೇಳುವವನು ಬಾರ್ಟಿಮಿಯಸ್ ಅನ್ನುವ ಜಿನ್ನಿ. ಐದು ಸಾವಿರ ವರ್ಷದ ಅನುಭವ, ಅಷ್ಟೇ ಜಂಬ. ಮೊದಲ ಅಧ್ಯಾಯದಲ್ಲಿ ಹೊಗೆ, ಗಂಧಕದ ವಾಸನೆ, ಚಳಿ ಎಲ್ಲ ಎಬ್ಬಿಸಿ ಭರ್ಜರಿಯಾಗಿ ಪ್ರತ್ಯಕ್ಷನಾಗುತ್ತಾನೆ. ನೋಡಿದರೆ ಎದುರಿಗೆ ನಿಂತಿರುವುದು ಬಿಳಿಚಿಕೊಂಡ ಒಬ್ಬ ಪುಟ್ಟ ಹುಡುಗ, ನಥಾನಿಯಲ್. ಎಲ್ಲರೆದುರು ತನಗೆ ಅವಮಾನ ಮಾಡಿದ ದೊಡ್ಡ ಮಂತ್ರವಾದಿಯ ತಾಯಿತ ಕದ್ದು ತರಲು ಕರೆಸಿದ್ದಾನೆ. ಜಿನ್ನಿ ಹೇಳುವ ಅಧ್ಯಾಯಗಳಲ್ಲಿ ಪುಟದ ಕೆಳಗೆ ಅಡಿಟಿಪ್ಪಣಿಗಳಿವೆ. ಅಲ್ಲಿ ಅವನು ಹಳೆಯ ಯಜಮಾನರನ್ನು ಹಳಿಯುತ್ತಾನೆ, ತಾನು ಕಟ್ಟಿದ ಕೋಟೆಗಳ ಬಗ್ಗೆ ಕೊಚ್ಚಿಕೊಳ್ಳುತ್ತಾನೆ. ಅಕ್ಕನ ಮಗಳು ಮೊದಲು ಅಡಿಟಿಪ್ಪಣಿ ಓದಿ ಆಮೇಲೆ ಮೇಲಿನ ಸಾಲಿಗೆ ಹೋಗುತ್ತಿದ್ದಳು. ನಥಾನಿಯಲ್ ಒಳ್ಳೆಯವನು ಅಂತ ನಂಬಿಕೊಂಡು ಹೊರಟರೆ, ಎರಡನೇ ಪುಸ್ತಕದ ಹೊತ್ತಿಗೆ ಅವನು ನಮ್ಮ ಕಣ್ಣೆದುರೇ ಒಬ್ಬ ಜೂನಿಯರ್ ಮಂತ್ರಿಗೆ ತಕ್ಕ ಸುಳ್ಳುಗಾರನಾಗುತ್ತಾನೆ. ಮಕ್ಕಳ ಪುಸ್ತಕದಲ್ಲಿ ನಾಯಕನನ್ನು ಹೀಗೆ ಹಾಳಾಗಲು ಬಿಡಲಿಕ್ಕೆ ಧೈರ್ಯ ಬೇಕು.

ನಿಧಾನವಾಗಿ ಹಿಡಿಯುವ ಎರಡು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' 1968ರದ್ದು. ಫಿಲಿಪ್ ಪುಲ್‌ಮನ್ ಅವರ 'ನಾರ್ದರ್ನ್ ಲೈಟ್ಸ್' 1995ರದ್ದು. ಎರಡರಲ್ಲೂ ಮೊದಲ ಐವತ್ತು ಪುಟ ತಾಳ್ಮೆ ಬೇಡುತ್ತವೆ. ಎರಡನ್ನೂ ಅರ್ಧಕ್ಕೆ ಬಿಟ್ಟವರು ನನಗೆ ಗೊತ್ತು. ಎರಡನ್ನೂ ಮುಗಿಸಿದವರು ಆಮೇಲೆ ಬೇರೆ ಪುಸ್ತಕಗಳ ಬಗ್ಗೆ ಮೂಗು ಮುರಿಯಲು ಶುರು ಮಾಡುತ್ತಾರೆ, ಅದೊಂದು ಅಪಾಯ.

ಅರ್ಥ್‌ಸೀ ಅಂದರೆ ಬರೀ ದ್ವೀಪಗಳ ಲೋಕ. ಅಲ್ಲಿ ಗಾಂಟ್ ಅನ್ನುವ ದ್ವೀಪದಲ್ಲಿ ಆಡು ಕಾಯುವ ಹುಡುಗ ಗೆಡ್. ಮಾಂತ್ರಿಕರ ಶಾಲೆ ಇದೆ, ಅಲ್ಲಿ ಕೊಂಕು ಮಾತಿನ ಎದುರಾಳಿ ಇದ್ದಾನೆ, ನಿಷ್ಠಾವಂತ ಗೆಳೆಯ ಇದ್ದಾನೆ. ಹಾಗ್‌ವರ್ಟ್ಸ್‌ಗಿಂತ ಮೂವತ್ತು ವರ್ಷ ಹಿಂದೆ. ಆದರೆ ಶಾಲೆಯ ಗಮ್ಮತ್ತು ಇಲ್ಲಿ ಬೇಗ ಮುಗಿಯುತ್ತದೆ. ಜಂಬಕ್ಕೆ ಬಿದ್ದು ಗೆಡ್ ಸತ್ತವರ ಆತ್ಮವನ್ನು ಕರೆಯುತ್ತಾನೆ, ಜೊತೆಗೆ ಹೆಸರಿಲ್ಲದ ನೆರಳೊಂದು ಈ ಲೋಕಕ್ಕೆ ನುಗ್ಗಿಬಿಡುತ್ತದೆ. ಅದನ್ನು ತಡೆದ ಹಿರಿಯ ಗುರು ಪ್ರಾಣ ಬಿಡುತ್ತಾರೆ. ಮುಂದಿನ ಪುಸ್ತಕವೆಲ್ಲ ನೆರಳು ಅಟ್ಟುವುದು, ಇವನು ಓಡುವುದು. ಒಂದು ಹಂತದಲ್ಲಿ ಇವನು ತಿರುಗಿ ನಿಂತು ನೆರಳನ್ನೇ ಅಟ್ಟಲು ಹೊರಡುತ್ತಾನೆ. ಅಲ್ಲಿಂದ ಪುಸ್ತಕ ಕೆಳಗಿಡಲು ಆಗುವುದಿಲ್ಲ.

ಖರ್ಚಿನ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿ ಇಟ್ಟ ಪುಸ್ತಕ ನಾನು ಬೇರೆ ನೋಡಿಲ್ಲ. ಒಂದು ಸಣ್ಣ ಪ್ರಸಂಗ ಹೇಳುತ್ತೇನೆ. ಗೆಡ್‌ನ ಮೊದಲ ಗುರು ಒಜಿಯನ್. ಭೂಕಂಪವನ್ನೇ ತಡೆದವನು ಅಂತ ಊರೆಲ್ಲ ಹೆಸರು. ಗುರು ಶಿಷ್ಯ ಇಬ್ಬರೂ ಕಾಡಿನಲ್ಲಿ ನಡೆದು ಹೋಗುತ್ತಿದ್ದಾರೆ, ಮಳೆ ಶುರುವಾಗುತ್ತದೆ. ಊರಿನ ಯಾವ ಚಿಲ್ಲರೆ ಮಾಟಗಾರನಾದರೂ ಒಂದು ಮಂತ್ರ ಹೇಳಿ ಮೋಡವನ್ನು ಪಕ್ಕಕ್ಕೆ ತಳ್ಳುತ್ತಿದ್ದ. ಒಜಿಯನ್ ಏನೂ ಮಾಡುವುದಿಲ್ಲ. ಒಂದು ಮರದ ಕೆಳಗೆ ಸುಮ್ನೆ ಮಲಗುತ್ತಾನೆ. ಹುಡುಗ ಪೊದೆಯ ಮಧ್ಯೆ ಮುದುರಿಕೊಂಡು, ಶಕ್ತಿ ಇದ್ದೂ ಉಪಯೋಗಿಸದೆ ಇದ್ದರೆ ಶಕ್ತಿ ಯಾಕೆ ಅಂತ ಒಳಗೊಳಗೇ ಕುದಿಯುತ್ತಾನೆ. ಇಲ್ಲಿಂದ ತಳ್ಳಿದ ಮಳೆ ಇನ್ನೊಬ್ಬರ ಹೊಲದ ಮೇಲೆ ಹೋಗಿ ಬೀಳುತ್ತದೆ ಅನ್ನುವ ಲೆಕ್ಕ ಅವನಿಗೆ ತಿಳಿಯಲು ಇಡೀ ಪುಸ್ತಕ ಬೇಕಾಗುತ್ತದೆ.

ಇನ್ನೊಂದು ಮಾತು. ಗೆಡ್‌ನ ಮೈಬಣ್ಣ ಕಂದುಗೆಂಪು, ಅವನ ಗೆಳೆಯ ವೆಚ್ ಕಪ್ಪು. ಬಿಳಿಯರು ಇಲ್ಲಿ ದೂರದಿಂದ ಬಂದು ಊರು ಸುಡುವ ದಾಳಿಕೋರರು. 1968ರಲ್ಲಿ ಅಮೆರಿಕದಲ್ಲಿ ಕೂತು ಇದನ್ನು ಬರೆದರು, ಗಲಾಟೆ ಮಾಡದೆ, ಕಥೆಯೊಳಗೆ ಸದ್ದಿಲ್ಲದೆ ಸೇರಿಸಿ. 2004ರಲ್ಲಿ ಟಿವಿಗೆ ಮಾಡಿದವರು ಗೆಡ್‌ನನ್ನು ಬಿಳಿಯನನ್ನಾಗಿ ಮಾಡಿದರು. ಲೆ ಗ್ವಿನ್ ಅದನ್ನು ಬಹಿರಂಗವಾಗಿ ಟೀಕಿಸಿ ಬರೆದರು. ಅಕ್ಕನ ಮಗಳು ಎಲ್ಲಕ್ಕಿಂತ ಮೊದಲು ಗಮನಿಸಿದ್ದು ಇದನ್ನೇ. "ಮಾಮ, ಇವನು ನಮ್ಮ ಬಣ್ಣದವನು. ಕವರ್ ಮೇಲೆ ಯಾಕೆ ಹೀಗೆ ಬಿಡಿಸಿದ್ದಾರೆ?" ನನ್ನ ಹತ್ತಿರ ಇದ್ದದ್ದು ಹಳೆಯ ಪ್ರತಿ.

ಇನ್ನು ನಾರ್ದರ್ನ್ ಲೈಟ್ಸ್. ಇದು ನಮ್ಮ ಲೋಕದಂತೆಯೇ ಇದ್ದು ನಮ್ಮದಲ್ಲದ ಲೋಕ. ಆಕ್ಸ್‌ಫರ್ಡ್ ಇದೆ, ಲಂಡನ್ ಇದೆ. ಆದರೆ ಪ್ರತಿ ಮನುಷ್ಯನ ಜೀವದ ಒಂದು ಭಾಗ ಹೊರಗೆ, ಪ್ರಾಣಿಯ ರೂಪದಲ್ಲಿ ಅವನ ಜೊತೆಗೇ ಓಡಾಡುತ್ತದೆ. ಅದಕ್ಕೆ ಡೀಮನ್ ಅನ್ನುತ್ತಾರೆ. ಮಕ್ಕಳ ಡೀಮನ್ ಗಳಿಗೆಗೊಂದು ರೂಪ ತಾಳುತ್ತದೆ: ಪತಂಗ, ಬೆಕ್ಕು, ಹಕ್ಕಿ. ದೊಡ್ಡವರಾದಂತೆ ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಲೈರಾ ಅನ್ನುವ ತುಂಟಿ, ಸುಳ್ಳುಬುರುಕಿ ಹುಡುಗಿ ಕಾಣೆಯಾದ ಗೆಳೆಯನನ್ನು ಹುಡುಕಿ ಉತ್ತರದ ಹಿಮಕ್ಕೆ ಹೋಗುತ್ತಾಳೆ. ಅವಳಿಗೆ ಜೊತೆ ಸಿಗುವುದು ಐಯೊರೆಕ್ ಅನ್ನುವ ಕವಚ ತೊಟ್ಟ ಹಿಮಕರಡಿ. ಈ ಕರಡಿಗಾಗಿಯೇ ಪುಸ್ತಕ ಓದಬಹುದು.

ನಡುವೆ ಒಂದು ಅಧ್ಯಾಯ ಬರುತ್ತದೆ. ಹಳ್ಳಿಯ ಆಚೆ ಏನೋ ದೆವ್ವ ಇದೆ ಅಂತ ಜನ ಹೆದರಿದ್ದಾರೆ. ಲೈರಾ ಕರಡಿಯ ಬೆನ್ನೇರಿ ರಾತ್ರಿ ಹೋಗಿ ನೋಡುತ್ತಾಳೆ. ಮೀನು ಒಣಹಾಕುವ ಗುಡಿಸಲಿನಲ್ಲಿ ಒಬ್ಬ ಚಿಕ್ಕ ಹುಡುಗ, ಒಂದು ಒಣಮೀನನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಕೂತಿದ್ದಾನೆ. ಸಂಶೋಧನೆಯ ಹೆಸರಿನಲ್ಲಿ ಅವನ ಡೀಮನ್‌ನನ್ನು ಅವನಿಂದ ಕತ್ತರಿಸಿ ತೆಗೆದಿದ್ದಾರೆ. ಅದರ ಜಾಗಕ್ಕೆ ಮೀನು. ಆಮೇಲೆ ಹುಡುಗ ಸಾಯುತ್ತಾನೆ. ಯಾರೋ ಆ ಮೀನನ್ನು ಕಿತ್ತು ನಾಯಿಗೆ ಹಾಕಿಬಿಡುತ್ತಾರೆ. ಲೈರಾಗೆ ಬರುವ ಸಿಟ್ಟು ನೋಡಬೇಕು. ಕೊನೆಗೆ ಅವಳು ಒಂದು ಚಿನ್ನದ ನಾಣ್ಯದ ಮೇಲೆ ಅವನ ಡೀಮನ್‌ನ ಹೆಸರು ಕೆತ್ತಿ ಹುಡುಗನ ಬಾಯಲ್ಲಿ ಇಡುತ್ತಾಳೆ. ಇಲ್ಲಿ ಯಾರ ಸಂಶೋಧನೆಗೆ ಯಾರು ಬೆಲೆ ತೆತ್ತರು ಅಂತ ಯಾರೂ ಭಾಷಣ ಬಿಗಿಯುವುದಿಲ್ಲ. ಒಂದು ಒಣಮೀನು ಸಾಕಾಯಿತು.

ಯಾವುದು ಮೇಲು? ಬರವಣಿಗೆಯ ಬಿಗಿಗೆ ಅರ್ಥ್‌ಸೀ, ಕಥೆಯ ಹರವಿಗೆ ನಾರ್ದರ್ನ್ ಲೈಟ್ಸ್. ಅರ್ಥ್‌ಸೀ ಸಣ್ಣದು, ಇನ್ನೂರು ಪುಟದ ಆಸುಪಾಸು. ಮಾತುಕತೆ ಕಡಿಮೆ, ಹಿರಿಯರೊಬ್ಬರು ಕೂರಿಸಿಕೊಂಡು ಹೇಳಿದ ಹಾಗೆ ಸಾಗುತ್ತದೆ. ಪಟಪಟ ಸಂಭಾಷಣೆಗೆ ಒಗ್ಗಿಹೋದ ಮಕ್ಕಳಿಗೆ ಇದು ಮೊದಲು ಸಪ್ಪೆ. "ಇನ್ನೂ ಏನೂ ಆಗೇ ಇಲ್ಲ" ಅಂತ ನಮ್ಮ ಹುಡುಗಿಯೂ ಅಂದಳು. ಗಟ್ಟಿಯಾಗಿ ಓದಿ ಹೇಳಿದರೆ ಅದೇ ಪುಟಗಳು ಹಿಡಿದು ಕೂರಿಸುತ್ತವೆ, ಪ್ರಯತ್ನಿಸಿ ನೋಡಿ. ನಾರ್ದರ್ನ್ ಲೈಟ್ಸ್ ಅದರ ಎರಡರಷ್ಟು ದಪ್ಪ, ಆದರೆ ಲೈರಾ ಹಡಗು ಹತ್ತಿದ ಮೇಲೆ ನಿಲ್ಲುವುದಿಲ್ಲ. ಅದರಲ್ಲಿ ಚರ್ಚಿನ ಅಧಿಕಾರವನ್ನು ನೇರವಾಗಿ ಎದುರು ಹಾಕಿಕೊಂಡಿದ್ದಾರೆ. ಈ ಬಗ್ಗೆ ಸೂಕ್ಷ್ಮವಾಗಿರುವ ಮನೆಯವರು ಮೊದಲು ತಾವೇ ಓದಿ ನೋಡುವುದು ಒಳ್ಳೆಯದು. ಹನ್ನೆರಡಕ್ಕೆ ಅರ್ಥ್‌ಸೀ, ಹದಿಮೂರು ಹದಿನಾಲ್ಕಕ್ಕೆ ನಾರ್ದರ್ನ್ ಲೈಟ್ಸ್. ಒಂದೇ ಕೊಳ್ಳುತ್ತೀರಿ ಅಂದರೆ ನಾನು ಅರ್ಥ್‌ಸೀ ಕೊಳ್ಳಿ ಅನ್ನುತ್ತೇನೆ. ಹುಡುಗಿಯನ್ನು ಕೇಳಿದರೆ ಕರಡಿ ಇರುವುದನ್ನು ಕೊಳ್ಳಿ ಅನ್ನುತ್ತಾಳೆ.

ವಿಜ್ಞಾನದ ಕಡೆಯ ಮೂರು

'ದಿ ಹಂಗರ್ ಗೇಮ್ಸ್' (2008) ಬಗ್ಗೆ ಪರಿಚಯ ಬೇಕಿಲ್ಲ, ಸಿನಿಮಾ ಎಲ್ಲರೂ ನೋಡಿದ್ದಾರೆ. ಹನ್ನೆರಡು ಜಿಲ್ಲೆಗಳಿಂದ ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಟ್ಟು 24 ಮಕ್ಕಳು ಅಖಾಡಕ್ಕೆ. ಉಳಿಯುವುದು ಒಬ್ಬರೇ, ಅದೂ ಟಿವಿಯಲ್ಲಿ ನೇರಪ್ರಸಾರ. ಟಿವಿ ಚಾನೆಲ್ ಬದಲಿಸುತ್ತಾ ಕೂತಿದ್ದಾಗ ಒಂದರಲ್ಲಿ ರಿಯಾಲಿಟಿ ಶೋ, ಇನ್ನೊಂದರಲ್ಲಿ ಇರಾಕ್ ಯುದ್ಧ ಬರುತ್ತಿತ್ತು, ಅಲ್ಲಿಂದ ಕಥೆ ಹೊಳೆಯಿತು ಅಂತ ಸುಝನ್ ಕಾಲಿನ್ಸ್ ಹೇಳಿದ್ದಾರೆ.

ಸಿನಿಮಾದಲ್ಲಿ ಹಾಗೇ ದಾಟಿಹೋಗುವ ಒಂದು ವಿಷಯ ಪುಸ್ತಕದಲ್ಲಿ ಚೆನ್ನಾಗಿ ನಾಟುತ್ತದೆ. ಅಖಾಡಕ್ಕೆ ಯಾರು ಹೋಗಬೇಕು ಅಂತ ಚೀಟಿ ಎತ್ತುವ ಲೆಕ್ಕ. ಹನ್ನೆರಡನೇ ವಯಸ್ಸಿಗೆ ನಿಮ್ಮ ಹೆಸರಿನ ಒಂದು ಚೀಟಿ, ಹದಿಮೂರಕ್ಕೆ ಎರಡು, ಹೀಗೆ ಏರುತ್ತದೆ. ಮನೆಯಲ್ಲಿ ಊಟಕ್ಕಿಲ್ಲದಿದ್ದರೆ ಹೆಚ್ಚು ಚೀಟಿ ಹಾಕಿಸಿ, ಒಂದು ಚೀಟಿಗೆ ಒಬ್ಬರಿಗೆ ಒಂದು ವರ್ಷಕ್ಕಾಗುವಷ್ಟು ಧಾನ್ಯ ಮತ್ತು ಎಣ್ಣೆ ಪಡೆಯಬಹುದು. ಹಾಕಿದ ಚೀಟಿ ಯಾವತ್ತೂ ಕಳೆಯುವುದಿಲ್ಲ. ತನಗೆ, ಅಮ್ಮನಿಗೆ, ತಂಗಿಗೆ ಅಂತ ವರ್ಷಕ್ಕೆ ಮೂರು ಹೆಚ್ಚುವರಿ ಹಾಕಿಸಿದ ಕ್ಯಾಟ್ನಿಸ್‌ದು ಹದಿನಾರಕ್ಕೆ 20 ಚೀಟಿ. ದೊಡ್ಡ ಸಂಸಾರ ಸಾಕುವ ಅವಳ ಗೆಳೆಯ ಗೇಲ್‌ದು 42. ನಮ್ಮ ಹುಡುಗಿ ಇದನ್ನು ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೂಡಿಸಿ ನೋಡಿದಳು. ಬಡವರ ಮಕ್ಕಳೇ ಹೆಚ್ಚು ಆರಿಸಿ ಬರುವಂತೆ ಕಾನೂನು ಮಾಡಿ, ಅದಕ್ಕೆ ಅದೃಷ್ಟ ಅಂತ ಹೆಸರಿಟ್ಟಿದ್ದಾರೆ ಅಂತ ಅವಳಿಗೆ ಹೊಳೆದದ್ದು ಹಾಗೆ. ಓದಿಸಿಕೊಂಡು ಹೋಗುವ ವೇಗಕ್ಕೆ ಇದನ್ನು ಮೀರಿಸುವುದು ಈ ಎಂಟರಲ್ಲಿ ಯಾವುದೂ ಇಲ್ಲ. ಕೊಲೆಗಳಿವೆ, ಹದಿಮೂರರ ಕೆಳಗೆ ಕೊಡಬೇಡಿ.

ಲೋಯಿಸ್ ಲೌರಿ ಬರೆದ 'ದಿ ಗಿವರ್' (1993) ಅದಕ್ಕೆ ತದ್ವಿರುದ್ಧ. ಇಲ್ಲಿ ಹಸಿವಿಲ್ಲ, ಜಗಳವಿಲ್ಲ, ನೋವಿಲ್ಲ. ಬಣ್ಣವೂ ಇಲ್ಲ, ಇಲ್ಲದ್ದು ಓದುವವರಿಗೆ ತಿಳಿಯುವುದೇ ಎಷ್ಟೋ ಹೊತ್ತಿನ ಮೇಲೆ. ಇಡೀ ಊರಿನ ಹಳೆಯ ನೆನಪುಗಳನ್ನು, ಯುದ್ಧ, ಹಿಮ, ಬಿಸಿಲು, ಪ್ರೀತಿ ಎಲ್ಲವನ್ನೂ ಒಬ್ಬ ಮುದುಕ ಹೊತ್ತುಕೊಂಡಿದ್ದಾನೆ, ಉಳಿದವರು ನೆಮ್ಮದಿಯಾಗಿರಲಿ ಅಂತ. ಅವನ ನಂತರ ಆ ಭಾರ ಹೊರಲು ಹನ್ನೆರಡರ ಜೋನಸ್‌ನನ್ನು ಆರಿಸುತ್ತಾರೆ. ಮೊದಲು ಕೊಡುವ ನೆನಪು ಹಿಮದ ಇಳಿಜಾರಿನಲ್ಲಿ ಜಾರುಬಂಡಿ. ಜೋನಸ್ ಹಿಮ ನೋಡಿಲ್ಲ, ನಮ್ಮ ಮಕ್ಕಳೂ ನೋಡಿಲ್ಲ. ಆ ಪುಟವನ್ನು ಇಲ್ಲಿಯವರು ಹಿಮದ ನಾಡಿನವರಿಗಿಂತ ಚೆನ್ನಾಗಿ ಓದುತ್ತಾರೆ ಅಂತ ನನ್ನ ಅನಿಸಿಕೆ.

ಸಾಹಸ ಬೇಕು ಅನ್ನುವವರಿಗೆ ಇದು ಕಡಿಮೆ. ಓಡಾಟ ಬರುವುದು ಕೊನೆಯಲ್ಲಿ ಮಾತ್ರ. ಆದರೆ ಜೋನಸ್‌ನ ಅಪ್ಪ ಕೆಲಸದ ಜಾಗದಲ್ಲಿ ಏನು ಮಾಡುತ್ತಾನೆ ಅಂತ ತಿಳಿಯುವ ದೃಶ್ಯ ಒಂದಿದೆ. ಅದನ್ನು ಓದಿದ ದಿನ ನಮ್ಮ ಹುಡುಗಿ ನೇರ ಅಡುಗೆಮನೆಗೆ ಹೋಗಿ, "ಅಮ್ಮ, ಎಲ್ಲರೂ ಖುಷಿಯಾಗಿರಬೇಕು ಅಂದ್ರೆ ಒಬ್ಬರಿಗೆ ಸುಳ್ಳು ಹೇಳಬಹುದಾ?" ಅಂತ ಶುರು ಮಾಡಿದಳು. ಅಕ್ಕ ನನಗೆ ಫೋನ್ ಮಾಡಿ, ಇನ್ನು ಮೇಲೆ ಪರೀಕ್ಷೆ ಹತ್ತಿರ ಇಂಥ ಪುಸ್ತಕ ಕೊಡಬೇಡ ಅಂದಳು. ಕೊನೆ ಬೇಕೆಂದೇ ಅರ್ಧಂಬರ್ಧ ಬಿಟ್ಟಿದ್ದಾರೆ. ಏಳನೇ ಕ್ಲಾಸಿನವನು ಪುಟ ಹರಿದುಹೋಗಿದೆಯಾ ಅಂತ ಕೇಳಿಕೊಂಡು ಬಂದ.

ಮೂರನೆಯದು ಫಿಲಿಪ್ ರೀವ್ ಅವರ 'ಮಾರ್ಟಲ್ ಎಂಜಿನ್ಸ್' (2001). ಸಿನಿಮಾ 2018ರಲ್ಲಿ ಬಂದು ಮಕಾಡೆ ಮಲಗಿತು, ಜೊತೆಗೆ ಪುಸ್ತಕದ ಹೆಸರನ್ನೂ ಕೆಡಿಸಿತು. ಅನ್ಯಾಯ. ಹಿಂದೆ ಅರವತ್ತೇ ನಿಮಿಷ ನಡೆದ ಯುದ್ಧವೊಂದರಲ್ಲಿ ಲೋಕ ಹಾಳಾಗಿದೆ. ಈಗ ಊರುಗಳು ಚಕ್ರದ ಮೇಲೆ ಓಡುತ್ತವೆ. ದೊಡ್ಡ ಊರು ಚಿಕ್ಕ ಊರನ್ನು ಅಟ್ಟಿ ಹಿಡಿದು ನುಂಗುತ್ತದೆ, ಅದರ ಕಬ್ಬಿಣ, ಮರ, ಎಣ್ಣೆ ಎಲ್ಲವನ್ನೂ ಕಿತ್ತು ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕಥೆ ಶುರುವಾಗುವಾಗ ಲಂಡನ್ ನಗರ, ಬತ್ತಿಹೋದ ಸಮುದ್ರದ ತಳದಲ್ಲಿ ಒಂದು ಪುಟ್ಟ ಗಣಿ ಊರನ್ನು ಬೆನ್ನಟ್ಟುತ್ತಿದೆ. ಜನ ಮಹಡಿಗಳಿಗೆ ಬಂದು ಕ್ರಿಕೆಟ್ ಮ್ಯಾಚಿನ ಹಾಗೆ ಕೂಗುತ್ತಿದ್ದಾರೆ. ನಮ್ಮ ನಾಯಕ ಟಾಮ್ ಕೂಡ ಕೂಗುತ್ತಾನೆ. ಇದೇ ಪ್ರಕೃತಿ ನಿಯಮ ಅಂತ ಅವನಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ.

ಬೆಂಗಳೂರಿನ ಸುತ್ತಲಿನ ಹಳ್ಳಿಗಳು ಲೇಔಟ್ ಆದದ್ದನ್ನು ನೋಡಿದವರಿಗೆ ಈ ಕಲ್ಪನೆ ಅಷ್ಟೇನೂ ದೂರದ್ದಲ್ಲ. ಎದುರು ಮನೆ ಹುಡುಗನ ತಾತನ ಹೊಲ ಇದ್ದ ಜಾಗದಲ್ಲಿ ಈಗ ರಿಂಗ್ ರೋಡು. ಅವನು ಇದನ್ನು ಓದಿ, "ನಮ್ಮೂರನ್ನೂ ಹೀಗೇ ತಿಂದಿದ್ದು" ಅಂದ. ತಮಾಷೆಯೂ ಬೇಕಾದಷ್ಟಿದೆ: ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಮಿಕ್ಕಿ ಮೌಸ್ ಮತ್ತು ಪ್ಲೂಟೊ ಬೊಂಬೆಗಳನ್ನು ಹಾಳಾದ ಅಮೆರಿಕದ ಪ್ರಾಣಿಮುಖದ ದೇವರುಗಳು ಅಂತ ಇಟ್ಟಿದ್ದಾರೆ. ನಾಯಕಿ ಹೆಸ್ಟರ್‌ಗೆ ಮುಖಕ್ಕೆ ಅಡ್ಡಲಾಗಿ ಕತ್ತಿಯೇಟು. ಒಂದು ಕಣ್ಣಿಲ್ಲ, ಮೂಗು ಜಜ್ಜಿದೆ, ಬಾಯಿ ಸೊಟ್ಟ. ಪುಸ್ತಕ ಅದನ್ನು ಮುಚ್ಚಿಡುವುದಿಲ್ಲ, ಅವಳನ್ನು ಕೊನೆಗೆ ಸುಂದರಿ ಮಾಡುವುದೂ ಇಲ್ಲ. ಸಿನಿಮಾದವರು ಒಂದು ಗೀರು ಎಳೆದು ಕೈ ತೊಳೆದುಕೊಂಡರು. ಖರ್ಚಿನ ಲೆಕ್ಕ, ವೇಗ, ನಗು ಮೂರೂ ಒಟ್ಟಿಗೆ ಬೇಕೆಂದರೆ ವಿಜ್ಞಾನದ ಕಡೆ ನನ್ನ ಆಯ್ಕೆ ಇದೇ. ಮಾತಿಗೆ ಎಳೆಯುವುದರಲ್ಲಿ ಮಾತ್ರ ಗಿವರ್ ಗೆಲ್ಲುತ್ತದೆ, ಅದೂ ಅರ್ಧದಷ್ಟು ಪುಟದಲ್ಲಿ.

ಕನ್ನಡದಲ್ಲಿ?

ಇದನ್ನು ಕೇಳದವರಿಲ್ಲ. ಹದಿಹರೆಯದವರಿಗೆ ಅಂತಲೇ ಬರೆದ ಇಂಥ ಸರಣಿ ನಾನು ಕೈಗೆತ್ತಿಕೊಳ್ಳುವಷ್ಟು ಕಾಣಲಿಲ್ಲ. ಆದರೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಇದೆ. ಅದರ ಮೇಲೆ ಮಕ್ಕಳ ಪುಸ್ತಕ ಅಂತ ಬರೆದಿಲ್ಲ ಅಷ್ಟೇ. ಒಬ್ಬ ವಿಜ್ಞಾನಿ, ಜೇನಿನ ಹುಚ್ಚಿನ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ, ಇವರೆಲ್ಲ ಸೇರಿ ಹಾರುವ ಓತಿ ಹುಡುಕಿ ಕಾಡಿಗೆ ಹೊರಡುತ್ತಾರೆ. ಸಾಹಸಕ್ಕೆ ಇನ್ನೇನು ಬೇಕು? ಮಾರ್ಟಲ್ ಎಂಜಿನ್ಸ್ ಮುಗಿಸಿದ ಹುಡುಗನಿಗೆ ಇದನ್ನು ಕೊಟ್ಟೆ. ಮೊದಲು ಮುಖ ಕಿವುಚಿದ, ಪಠ್ಯಪುಸ್ತಕದ ಲೇಖಕರು ಅಂತ. ಮಂದಣ್ಣ ಬಂದ ಮೇಲೆ ಒಬ್ಬನೇ ನಗುವುದು ನಮ್ಮ ಮನೆವರೆಗೂ ಕೇಳಿಸುತ್ತಿತ್ತು. ಇಂಗ್ಲಿಷ್ ಪುಸ್ತಕದ ಮೊದಲ ಐವತ್ತು ಪುಟದ ಅಡ್ಡಿ ಇಲ್ಲಿ ಇಲ್ಲವೇ ಇಲ್ಲ. ಅದಾದ ಮೇಲೆ 'ಜುಗಾರಿ ಕ್ರಾಸ್' ತಾನಾಗಿಯೇ ಕೇಳುತ್ತಾರೆ.

ಕೊಳ್ಳುವ ಮೊದಲು

ನಾರ್ದರ್ನ್ ಲೈಟ್ಸ್ ಅಮೆರಿಕದಲ್ಲಿ 'ದಿ ಗೋಲ್ಡನ್ ಕಂಪಾಸ್' ಅನ್ನುವ ಹೆಸರಿನಲ್ಲಿ ಬಂದಿದೆ. ಎರಡೂ ಒಂದೇ, ಎರಡನ್ನೂ ಕೊಂಡು ದುಡ್ಡು ಕಳೆದುಕೊಳ್ಳಬೇಡಿ. ಇವೆಲ್ಲವನ್ನೂ ಹೊಸದೇ ಕೊಳ್ಳಬೇಕಿಲ್ಲ. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಪರ್ಸಿ, ಹಂಗರ್ ಗೇಮ್ಸ್ ರಾಶಿ ರಾಶಿ ಸಿಗುತ್ತವೆ. ಬಾರ್ಟಿಮಿಯಸ್ ಹುಡುಕಬೇಕು. ಕಂಡ ಕೂಡಲೇ ತೆಗೆದುಕೊಳ್ಳಿ, ಮುಂದಿನ ವಾರ ಇರುವುದಿಲ್ಲ. ಫುಟ್‌ಪಾತಿನ ಅಗ್ಗದ ನಕಲು ಪ್ರತಿಗಳಲ್ಲಿ ಅಡಿಟಿಪ್ಪಣಿಗಳ ಅಕ್ಷರ ಓದಲು ಬರುವುದಿಲ್ಲ, ಬಾರ್ಟಿಮಿಯಸ್ ಮಟ್ಟಿಗೆ ಅದು ಅರ್ಧ ಪುಸ್ತಕವೇ ಹೋದ ಲೆಕ್ಕ.

ಸರಣಿಗಳಲ್ಲಿ ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಮುಖ್ಯ. ಪರ್ಸಿಯ ಮೊದಲ ಐದು ಪುಸ್ತಕ ಸಾಕು, ಆಮೇಲಿನವನ್ನು ಮಕ್ಕಳು ಕೇಳಿದರೆ ಮಾತ್ರ. ಹಂಗರ್ ಗೇಮ್ಸ್ ಮೊದಲನೆಯದಕ್ಕೇ ನಿಲ್ಲಿಸಿದರೂ ನಷ್ಟವಿಲ್ಲ. ಬಾರ್ಟಿಮಿಯಸ್ ಮಾತ್ರ ಮೂರೂ ಓದಬೇಕು, ಯಾಕೆಂದರೆ ನಥಾನಿಯಲ್‌ನ ಲೆಕ್ಕ ಚುಕ್ತಾ ಆಗುವುದು ಮೂರನೆಯದರಲ್ಲಿ. ಪುಲ್‌ಮನ್‌ನ ಮೂರನೇ ಪುಸ್ತಕದಲ್ಲಿ ಚಕ್ರದ ಮೇಲೆ ಓಡಾಡುವ ಪ್ರಾಣಿಗಳ ಲೋಕದ ಅಧ್ಯಾಯಗಳು ಎಳೆಯುತ್ತವೆ, ಅಲ್ಲಿ ಪುಟ ಹಾರಿಸಿದರೆ ಯಾರೂ ಬೈಯುವುದಿಲ್ಲ.

ಅರ್ಥ್‌ಸೀಯ ಎರಡನೆಯದು 'ದಿ ಟೂಂಬ್ಸ್ ಆಫ್ ಅಟುವಾನ್' (1971). ಅದರಲ್ಲಿ ಗೆಡ್ ಅರ್ಧ ಪುಸ್ತಕದವರೆಗೂ ಪತ್ತೆಯೇ ಇಲ್ಲ. ಐದು ವರ್ಷದವಳಿದ್ದಾಗ ಹೆತ್ತವರಿಂದ ಕರೆತಂದು, ಹೆಸರು ಕಿತ್ತುಕೊಂಡು, ನೆಲದಡಿಯ ಕತ್ತಲಿನ ಪೂಜಾರಿಣಿ ಮಾಡಿದ ಒಬ್ಬ ಹುಡುಗಿಯ ಕಥೆ ಅದು. ಗೆಡ್ ಎಲ್ಲಿ ಅಂತ ಹುಡುಕಿ ಬೇಸತ್ತು ಕೆಳಗಿಡುವವರಿದ್ದಾರೆ. ಮೊದಲೇ ಹೇಳಿ ಕೊಡಿ: ಇದು ಅವಳ ಪುಸ್ತಕ, ಅವನು ಕಳ್ಳನಾಗಿ ಬರುತ್ತಾನೆ.